ರಾಗಿ ಕೊಯ್ದಾಯ್ತು, ಅವರೆ ಇನ್ನೂ ಹೊಲದಲ್ಲಿದೆ: ಕುರಿ ಮಂದೆ ಕುರಿತ ಪ್ರಶ್ನೆಗಳಿಗೆ ಉತ್ತರ

ರಾಗಿ ಕಟಾವು ಮುಗಿಯುವ ಹೊತ್ತಿಗೆ ಹಿರಿಯೂರು, ಚಳ್ಳಕೆರೆ, ಶಿರಾ, ಪಾವಗಡ ಸೀಮೆಯ ಕುರಿ ಹಿಂಡುಗಳು ಕಡೂರು, ಅಜ್ಜಂಪುರ, ತರೀಕೆರೆ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಗೆ ಇಳಿಯುತ್ತವೆ. ಮುಂಗಾರು ಹಿಡಿಯುವವರೆಗೂ ಅವು ಇಲ್ಲಿಯೇ ಇರುತ್ತವೆ. ಗೊಬ್ಬರಕ್ಕೆಂದು ರೈತರು ಅವನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಮಂದೆ ಹಾಕಿಸುವುದು ಎಂದರೆ ಇದೇ. ಈ ಸಲ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಹಿಂಡುಗಳ ತಕರಾರಿನವೇ. ಬರೆದವರಲ್ಲಿ ಹೊಲದವರೂ ಇದ್ದಾರೆ, ಕುರಿಯವರೂ ಇದ್ದಾರೆ. ಹೆಸರು ಬಿಟ್ಟು, ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ಪಕ್ಕದ ಹೊಲದವರು ಮಂದೆ ಹಾಕಿಸಿದ್ದರು. ಬೆಳಗಿನ ಜಾವ ಕುರಿ ಎದ್ದು ನಮ್ಮ ಹೊಲಕ್ಕೆ ನುಗ್ಗಿ ಅಕ್ಕಡಿ ಸಾಲಿನ (ರಾಗಿಯ ನಡುವೆ ಬಿತ್ತಿದ ಸಾಲಿನ) ಅವರೆ, ತೊಗರಿಯನ್ನೆಲ್ಲ ಮೇಯ್ದಿವೆ. ಕೇಳಿದರೆ ‘ರಾಗಿ ಕೂಳೆ ಇತ್ತು, ಖಾಲಿ ಹೊಲ ಅಂದುಕೊಂಡೆವು’ ಅನ್ನುತ್ತಾರೆ. ನಷ್ಟ ಯಾರು ಕೊಡಬೇಕು? (ಅರಸೀಕೆರೆ ತಾಲ್ಲೂಕಿನ ರೈತರು)

ನಷ್ಟ ಕೊಡಬೇಕಾದವರು ಹಿಂಡಿನ ಯಜಮಾನರೇ. ಆದರೆ ಅವರ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಬೇಡಿ. ರಾಗಿ ತೆನೆ ಕೊಯ್ದು ಹುಲ್ಲು ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವುದು ಆರೆಂಟು ಸಾಲಿಗೊಂದರಂತೆ ಅವರೆ, ತೊಗರಿ ಮಾತ್ರ. ನಸುಕಿನಲ್ಲಿ, ಅದೂ ಪರ ಊರಿನವರಿಗೆ, ಅದು ಕೂಳೆ ಹೊಲದ ಹಾಗೆಯೇ ಕಾಣುತ್ತದೆ. ಮೊದಲು ಇಡೀ ಬಯಲಿನಲ್ಲಿ ಒಂದೇ ತರಹದ ರಾಗಿ ಬಿತ್ತುತ್ತಿದ್ದರು, ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕೊಯ್ಯುತ್ತಿದ್ದರು, ಸಂಕ್ರಾಂತಿ ಕಳೆದ ಮೇಲೆ ಬಯಲೆಲ್ಲ ದನ ಕುರಿಗೆ ಬಿಟ್ಟುಕೊಡುತ್ತಿದ್ದರು. ಈಗ ಒಬ್ಬರದು ಜಿಪಿಯು 28 ತಳಿ, ಇನ್ನೊಬ್ಬರದು ಎಂಎಲ್ 365. ಬಿತ್ತಿದ ದಿನವೇ ತಿಂಗಳು ಹಿಂದೆ ಮುಂದೆ. ಬೋರ್‌ವೆಲ್ ಇರುವವರ ಹೊಲದಲ್ಲಿ ಆಗಲೇ ಎರಡನೇ ಬೆಳೆ ಎದ್ದಿರುತ್ತದೆ. ಕುರಿಯವರಿಗೆ ಬಯಲು ತೆರೆದಿರುವ ಕಾಲವೇ ಕಿರಿದಾಗಿದೆ. ಈ ತಾಲ್ಲೂಕುಗಳ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದ್ದರಿಂದ ಮಂದೆ ಹಾಕಿಸುವವರಿಗೂ ಒಂದು ಹೊಣೆ ಇದೆ. ಹಿಂಡು ಬರುವ ಹಿಂದಿನ ದಿನ ಸಂಜೆ ಬೆಳಕಿರುವಾಗಲೇ ಯಜಮಾನರನ್ನು ಕರೆದುಕೊಂಡು ನಾಲ್ಕೂ ಬದು ಸುತ್ತಿ, ಪಕ್ಕದ ಹೊಲಗಳಲ್ಲಿ ಏನು ನಿಂತಿದೆ ಎಂದು ಕೈ ತೋರಿಸಿ ಹೇಳಿಬಿಡಬೇಕು. ನಿಮ್ಮ ಹೊಲದಲ್ಲಿ ಬೆಳೆ ನಿಂತಿದ್ದರೆ ನೀವೂ ಮೂಲೆಗಳಲ್ಲಿ ಒಂದೊಂದು ಕೋಲು ನೆಟ್ಟು ಹಳೆ ಸೀರೆಯ ತುಂಡು ಕಟ್ಟಿ.

ಈಗ ನಷ್ಟದ ಲೆಕ್ಕಕ್ಕೆ ಬರೋಣ. ಮೊದಲು ಫೋಟೊ ತೆಗೆಯಿರಿ. ಅದರಲ್ಲಿ ಮೇಯ್ದ ಗಿಡ, ಕುರಿ ಹೆಜ್ಜೆ, ಹಿಕ್ಕೆ ಕಾಣಬೇಕು, ಬದುವಿನ ಗುರುತಿನ ಮರವೊಂದೂ ಇರಬೇಕು. ನಂತರ ಮೇಯ್ದ ಜಾಗವನ್ನು ಹೆಜ್ಜೆಯಲ್ಲಾದರೂ ಸರಿ, ಹಗ್ಗದಲ್ಲಾದರೂ ಸರಿ, ಎರಡೂ ಕಡೆಯವರ ಎದುರಿಗೇ ಅಳೆಯಿರಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ‘ಅರ್ಧ ಎಕರೆ ಹೋಯ್ತು’ ಎಂದು ನೀವು, ‘ನಾಲ್ಕು ಗಿಡ ತಿಂದವು’ ಎಂದು ಅವರು ಕೂಗಾಡುವುದು ಅಳತೆಯಾದ ಕೂಡಲೇ ನಿಲ್ಲುತ್ತದೆ. ಮಳೆಯಾಶ್ರಿತ ರಾಗಿ ಎಕರೆಗೆ 10 ಕ್ವಿಂಟಲ್ ಬರುವ ಹೊಲವಾದರೆ ಗುಂಟೆಗೆ 25 ಕೆ.ಜಿ. ನಾಲ್ಕು ಗುಂಟೆ ಹೋಗಿದ್ದರೆ ಒಂದು ಕ್ವಿಂಟಲ್. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅದರ ಮೇಲೆ ಹುಲ್ಲಿನ ಬೆಲೆ. ಅಕ್ಕಡಿ ಬೆಳೆಗೆ ಎಕರೆ ಲೆಕ್ಕ ಹಿಡಿಯಬೇಡಿ. ಸಾಲು ಎಣಿಸಿ, ಒಳ್ಳೆಯ ಸಾಲೊಂದರಿಂದ ನಿಮಗೆ ಎಷ್ಟು ಸೇರು ಕಾಳು ಬರುತ್ತದೋ ಅದರಿಂದ ಗುಣಿಸಿ.

ಬೆಳೆ ಯಾವ ಹಂತದಲ್ಲಿತ್ತು ಎನ್ನುವುದೂ ಲೆಕ್ಕಕ್ಕೆ ಬರಬೇಕು. ತಿಂಗಳೊಳಗಿನ ರಾಗಿ ಪೈರನ್ನು ಕುರಿ ಮೇಲೆ ಮೇಲೆ ಮೇಯ್ದು ಹೋದರೆ, ಭೂಮಿಯಲ್ಲಿ ಹದವಿದ್ದರೆ ಮತ್ತೆ ತೆಂಡೆ ಒಡೆಯುತ್ತದೆ. ಹಾಗಿದ್ದರೆ ಹದಿನೈದು ದಿನ ಕಾದು ಆಮೇಲೆ ತೀರ್ಮಾನ ಮಾಡಿ. ತೆನೆ ಹೊಡೆದ ಮೇಲೆ ಮೇಯ್ದಿದ್ದರೆ ಮತ್ತೆ ಬರುವುದಿಲ್ಲ. ಹುರುಳಿ, ಅವರೆ ಹೂವಿನಲ್ಲಿದ್ದಾಗ ಮೇಯ್ದರೂ ಅಷ್ಟೇ, ಫಸಲು ಹೋಯಿತೆಂದೇ ಲೆಕ್ಕ.

ಪ್ರಶ್ನೆ: ಮೇಯ್ದ ಹಿಂಡಿನಿಂದ ಎರಡು ಟಗರು ಹಿಡಿದು ಮನೆಯಲ್ಲಿ ಕಟ್ಟಿಕೊಂಡಿದ್ದೇವೆ. ದುಡ್ಡು ಕೊಟ್ಟು ಬಿಡಿಸಿಕೊಳ್ಳಲಿ ಎಂದಿದ್ದೇವೆ. ಇದು ಸರಿಯೇ? (ಕಡೂರು ತಾಲ್ಲೂಕು)

ಸರಿಯಲ್ಲ. ಇವತ್ತೇ ಬಿಟ್ಟುಕೊಡಿ. 1966ರ ಕರ್ನಾಟಕ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ ಬೆಳೆ ಮೇಯುತ್ತಿರುವ ಜಾನುವಾರನ್ನು ಹಿಡಿಯುವ ಹಕ್ಕು ಹೊಲದವರಿಗೆ ಇದೆ. ಆದರೆ ಹಿಡಿದದ್ದನ್ನು ಊರಿನ ದೊಡ್ಡಿಗೆ (ಹಿಡಿದ ಜಾನುವಾರನ್ನು ಕೂಡಿಹಾಕುವ ಜಾಗ) ಒಪ್ಪಿಸಬೇಕು, ಮನೆಯ ಕೊಟ್ಟಿಗೆಯಲ್ಲಿ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಕಟ್ಟಿಹಾಕಿಕೊಂಡು ದುಡ್ಡು ಕೇಳಿದರೆ ನೊಂದವರಾದ ನೀವೇ ಆರೋಪಿಯಾಗುತ್ತೀರಿ. ನಿಮ್ಮ ಊರಿನ ದೊಡ್ಡಿ ಪಾಳು ಬಿದ್ದಿದ್ದರೆ ಗ್ರಾಮ ಪಂಚಾಯಿತಿಗೂ ಠಾಣೆಗೂ ಬರವಣಿಗೆಯಲ್ಲಿ ತಿಳಿಸಿ, ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ.

ಇನ್ನೊಂದು ಪತ್ರದಲ್ಲಿ ಬದುವಿಗೆ ವಿಷ ಬೆರೆಸಿದ ಕಾಳು ಚೆಲ್ಲುವ ಮಾತಿದೆ. ದಯವಿಟ್ಟು ಆ ಯೋಚನೆಯನ್ನೇ ಬಿಡಿ. ಪ್ರಾಣಿಗೆ ವಿಷವಿಟ್ಟು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಆ ಕಾಳನ್ನು ನವಿಲು ತಿನ್ನುತ್ತದೆ, ನಿಮ್ಮದೇ ಊರಿನ ಕರು ನೆಕ್ಕುತ್ತದೆ, ಆಡುವ ಮಗುವಿನ ಕೈಗೂ ಸಿಗುತ್ತದೆ.

ಪ್ರಶ್ನೆ: ಎರಡು ಎಕರೆಗೆ ಮಂದೆ ಹಾಕಿಸಬೇಕೆಂದಿದ್ದೇನೆ. ಎಷ್ಟು ಕುರಿ, ಎಷ್ಟು ರಾತ್ರಿ? ಹಾಕಿಸಿದ ಮೇಲೆ ಏನು ಮಾಡಬೇಕು? (ಚನ್ನರಾಯಪಟ್ಟಣ ತಾಲ್ಲೂಕು)

ನೂರು ಕುರಿಗೆ ಒಂದು ರಾತ್ರಿಗೆ ಒಂದು ಗುಂಟೆ ಎಂದು ಇಟ್ಟುಕೊಳ್ಳಿ. ಹಾಗೆಂದರೆ ಕುರಿಯೊಂದಕ್ಕೆ ಸುಮಾರು ಒಂದು ಚದರ ಮೀಟರ್ ಜಾಗ. 500 ಕುರಿಯ ಹಿಂಡು ರಾತ್ರಿಗೆ ಐದು ಗುಂಟೆ ತುಂಬುತ್ತದೆ, ಎಕರೆಗೆ ಎಂಟು ರಾತ್ರಿ, ನಿಮ್ಮ ಎರಡು ಎಕರೆಗೆ ಹದಿನಾರು ರಾತ್ರಿ ಬೇಕು. ಬೆಳೆದ ಕುರಿ ರಾತ್ರಿಯಿಡೀ ಹಾಕುವ ಹಸಿ ಹಿಕ್ಕೆ ಅರ್ಧ ಕಿಲೋದ ಆಸುಪಾಸು. ಆ ಲೆಕ್ಕದಲ್ಲಿ ಎಕರೆಗೆ ಎರಡು ಟನ್ ಹತ್ತಿರ ಬೀಳುತ್ತದೆ, ಗಂಜಲ ಬೇರೆ. ಮಳೆಯಾಶ್ರಿತ ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ಶಿಫಾರಸು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5, ಒಣಗಿದ ಕುರಿ ಹಿಕ್ಕೆಯಲ್ಲಿ ಸುಮಾರು ಶೇ 3. ಕುರಿ ಗೊಬ್ಬರ ಬಿದ್ದ ಹೊಲ ಎರಡನೇ ವರ್ಷವೂ ಕಪ್ಪಗೆ ಏಳುವುದು ಈ ಕಾರಣಕ್ಕೇ.

ಹೆಚ್ಚಿನವರು ಕಳೆದುಕೊಳ್ಳುವುದು ಗಂಜಲದ ಸಾರವನ್ನು. ಮಂದೆ ಎದ್ದ ಮೇಲೆ ಹೊಲವನ್ನು ಎರಡು ವಾರ ಬಿಸಿಲಿಗೆ ಬಿಟ್ಟರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಹತ್ತಿರ ಹೋದಾಗ ಮೂಗಿಗೆ ಹೊಡೆಯುವ ಘಾಟು ನಿಮ್ಮ ದುಡ್ಡೇ. ಆದ್ದರಿಂದ ಮಂದೆ ಮುಂದಿನ ಪಟ್ಟಿಗೆ ಸರಿದ ದಿನವೋ ಮಾರನೆಯ ದಿನವೋ ಹಿಂದಿನ ಪಟ್ಟಿಗೆ ಕುಂಟೆ ಹೊಡೆಯಿರಿ. ಮೂರು ನಾಲ್ಕು ಇಂಚು ಆಳ ಸಾಕು. ಆಳವಾಗಿ ಉತ್ತರೆ ಗೊಬ್ಬರ ಬೇರಿಗೆ ಸಿಗದಷ್ಟು ಕೆಳಗೆ ಹೋಗುತ್ತದೆ.

ಒಂದೇ ಜಾಗದಲ್ಲಿ ಮೂರು ನಾಲ್ಕು ರಾತ್ರಿ ನಿಲ್ಲಿಸಬೇಡಿ. ಆ ತೇಪೆಯಲ್ಲಿ ರಾಗಿ ಸೊಕ್ಕಿ ಬೆಳೆದು ಮಲಗುತ್ತದೆ. ಎರೆ ಭೂಮಿಯಾದರೆ ಹಸಿ ಇರುವಾಗ ಮಂದೆ ಬೇಡವೇ ಬೇಡ, ಗೊರಸಿನ ತುಳಿತಕ್ಕೆ ನೆಲ ಹೆಂಟೆ ಕಟ್ಟುತ್ತದೆ. ತೆಂಗಿನ ತೋಟವಾದರೆ ಸಸಿಗಳಿಗೆ ಮೊದಲು ಮುಳ್ಳಿನ ಬೇಲಿ ಕಟ್ಟಿ. ಕುರಿ ಬಗ್ಗಿ ಮೇಯುತ್ತದೆ, ಆದರೆ ಹಿಂಡಿನಲ್ಲಿರುವ ಮೇಕೆ ಹಿಂಗಾಲಿನ ಮೇಲೆ ನಿಂತು ಸುಳಿಗೇ ಬಾಯಿ ಹಾಕುತ್ತದೆ. ಹನಿ ನೀರಾವರಿ ಪೈಪುಗಳನ್ನು ಸುತ್ತಿ ಎತ್ತಿಡಿ. ಗೊರಸಿಗೆ ಸಿಕ್ಕಿ ಡ್ರಿಪ್ಪರ್ ಕಿತ್ತರೆ ಅದರ ಮೇಲೂ ಇನ್ನೊಂದು ಜಗಳ.

ನೀರಿನ ಲೆಕ್ಕವನ್ನು ಮೊದಲೇ ಮಾಡಿ. ಬೇಸಿಗೆಯಲ್ಲಿ ಕುರಿಯೊಂದು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತದೆ. 500 ಕುರಿಗೆ ಎರಡು ಸಾವಿರದಿಂದ ಎರಡೂವರೆ ಸಾವಿರ ಲೀಟರ್. ನಿಮ್ಮ ಬೋರ್‌ವೆಲ್ ಗಂಟೆಗೆ ಇಷ್ಟು ಎತ್ತದಿದ್ದರೆ ಕೆರೆ, ಗೋಕಟ್ಟೆಗೆ ಹೋಗುವ ದಾರಿ ಯಾವುದೆಂದು ಯಜಮಾನರಿಗೆ ತೋರಿಸಿ. ಬಾಯಾರಿದ ಹಿಂಡನ್ನು ಯಾವ ಬೇಲಿಯೂ ತಡೆಯುವುದಿಲ್ಲ.

ಪ್ರಶ್ನೆ: ಮಂದೆ ಹಾಕಿಸಿದ ಹೊಲದಲ್ಲಿ ಮರುವರ್ಷ ಬಳ್ಳಾರಿ ಜಾಲಿ ಎದ್ದಿದೆ. ಕುರಿಯವರೇ ತಂದದ್ದೇ? (ಅಜ್ಜಂಪುರ)

ಹೌದು, ಕುರಿಯ ಹೊಟ್ಟೆಯಲ್ಲಿ ಬಂದದ್ದು. ಜಾಲಿ ಕಾಯಿ ಸಿಹಿ, ಬೇಸಿಗೆಯಲ್ಲಿ ಹಿಂಡುಗಳಿಗೆ ಅದೇ ದೊಡ್ಡ ಮೇವು. ಗಟ್ಟಿ ಸಿಪ್ಪೆಯ ಬೀಜದಲ್ಲಿ ಒಂದು ಪಾಲು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬರುತ್ತದೆ, ಮಳೆ ಬಿದ್ದಾಗ ಮೊಳೆಯುತ್ತದೆ. ಜಾಲಿ ಕಾಯಿ ಉದುರುವ ಬಯಲಿನಿಂದ ನೇರವಾಗಿ ಬಂದ ಹಿಂಡಾದರೆ ಮೊದಲ ನಾಲ್ಕೈದು ರಾತ್ರಿ ಪಾಳು ಜಾಗದಲ್ಲಿ ನಿಲ್ಲಿಸಿ, ಆಮೇಲೆ ಹೊಲಕ್ಕೆ ಕರೆಯಿರಿ. ಈಗ ಎದ್ದಿರುವ ಸಸಿಯನ್ನು ಗೇಣುದ್ದ ಇರುವಾಗಲೇ, ಮಳೆ ಬಿದ್ದ ಮರುದಿನ ಬೇರು ಸಮೇತ ಕೀಳಿ. ಒಂದು ವರ್ಷ ಬಿಟ್ಟರೆ ಗುದ್ದಲಿಗೂ ಬಗ್ಗುವುದಿಲ್ಲ, ಕಡಿದಷ್ಟೂ ಬುಡದಲ್ಲಿ ಚಿಗುರುತ್ತದೆ.

ಪ್ರಶ್ನೆ: ಗೋಮಾಳದಲ್ಲಿ ಕುರಿ ಬಿಟ್ಟರೆ ಊರಿನವರು ಓಡಿಸುತ್ತಾರೆ. ಸರ್ಕಾರಿ ಜಾಗ ಎಲ್ಲರದೂ ಅಲ್ಲವೇ? (ಹಿರಿಯೂರು ಕಡೆಯಿಂದ ಬಂದ ಕುರಿಗಾಹಿ, ಈಗ ಕಡೂರು ತಾಲ್ಲೂಕಿನಲ್ಲಿ)

ಕಾನೂನು ಇಲ್ಲಿ ಊರಿನವರ ಪರವಾಗಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 72ನೇ ಕಲಂ ಪ್ರಕಾರ ಗೋಮಾಳದಲ್ಲಿ ಮೇಯಿಸುವ ಹಕ್ಕು ಆ ಗೋಮಾಳ ಯಾವ ಗ್ರಾಮಕ್ಕೆ ಸೇರಿದೆಯೋ ಆ ಗ್ರಾಮದ ಜಾನುವಾರುಗಳಿಗೆ ಮಾತ್ರ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ನಿಯಮ ಹೇಳುತ್ತದೆ. ಒತ್ತುವರಿ, ಮಂಜೂರಾತಿ ಎಲ್ಲ ಕಳೆದು ಅಷ್ಟು ಉಳಿದಿರುವ ಊರು ಕಡಿಮೆ. ಹಾಗಾಗಿ ಊರಿನವರ ಸಿಟ್ಟಿಗೆ ಕಾರಣ ಬರೀ ಹೊಟ್ಟೆಕಿಚ್ಚಲ್ಲ. ಊರಿಗೆ ಕಾಲಿಡುವ ಮೊದಲು ಒಬ್ಬರು ಮುಂದಾಗಿ ಹೋಗಿ ಊರಿನ ಹಿರಿಯರನ್ನು, ಪಂಚಾಯಿತಿ ಸದಸ್ಯರನ್ನು ಕಂಡು ಎಷ್ಟು ಕುರಿ, ಎಷ್ಟು ದಿನ, ಯಾವ ಕಡೆ ಎಂದು ಹೇಳಿ ಒಪ್ಪಿಗೆ ಪಡೆಯಿರಿ.

ಅಮೃತಮಹಲ್ ಕಾವಲುಗಳ ಮಾತು ಬೇರೆ. ಅವು ರಾಜರ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದೇ ಕಾಯ್ದಿಟ್ಟ ಹುಲ್ಲುಗಾವಲು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಬೇರೆ ಬೇರೆ ಕಾವಲುಗಳಿದ್ದವು, ರಾಸುಗಳು ಋತುವಿಗೆ ತಕ್ಕಂತೆ ಒಂದರಿಂದ ಒಂದಕ್ಕೆ ವಲಸೆ ಹೋಗುತ್ತಿದ್ದವು. ವಲಸೆ ಮೇಯಿಸುವುದು ಈ ಸೀಮೆಗೆ ಹೊಸದಲ್ಲ ಎಂಬುದನ್ನು ಊರಿನವರೂ ನೆನಪಿಟ್ಟುಕೊಳ್ಳಬೇಕು. ಆದರೆ ಈಗ ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳಿಗಾಗಿ ಘೋಷಿಸಿದ ಸಂರಕ್ಷಿತ ಮೀಸಲು ಪ್ರದೇಶ. ಹಿಂಡಿನ ನಾಯಿಗಳು ಅಲ್ಲಿ ಒಂದು ಮರಿಯನ್ನು ಅಟ್ಟಿಸಿದರೂ ನಿಮ್ಮ ಮೇಲೆ ಅರಣ್ಯ ಮೊಕದ್ದಮೆ ಬೀಳುತ್ತದೆ. ಅದರೊಳಗೆ ಇಳಿಯಬೇಡಿ. ನೀವು ನಿಂತ ಜಾಗ ಯಾವ ಸರ್ವೆ ನಂಬರಿನದು, ಗೋಮಾಳವೋ ಖರಾಬೋ ಹಿಡುವಳಿಯೋ ಎಂದು ಮೊಬೈಲಿನ ‘ದಿಶಾಂಕ್’ ಆ್ಯಪ್‌ನಲ್ಲಿ ನೋಡಬಹುದು. ಹಿಂಡಿನ ಹುಡುಗರಲ್ಲಿ ಒಬ್ಬರಿಗಾದರೂ ಅದು ಗೊತ್ತಿರಲಿ. ನಕಾಶೆಯಲ್ಲಿರುವ ಬಂಡಿದಾರಿಯನ್ನು ಯಾರಾದರೂ ಉತ್ತು ಮುಚ್ಚಿದ್ದರೆ, ತೆರವು ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಊರಿನ ರೈತರಿಗೂ ಅದೇ ದಾರಿ ಬೇಕು. ಅರ್ಜಿಗೆ ಅವರ ಸಹಿಯೂ ಬಿದ್ದರೆ ಕೆಲಸ ಬೇಗ ಆಗುತ್ತದೆ.

ಪ್ರಶ್ನೆ: ತರೀಕೆರೆ ಬಳಿ ಅಡಿಕೆ ತೋಟದಲ್ಲಿ ಮೇಯ್ದು ಹೋದ ಕುರಿಗಳು ಎರಡು ಮೂರು ವಾರದ ಮೇಲೆ ಒಂದೊಂದಾಗಿ ಸತ್ತವು. ಮೂತ್ರ ಕೆಂಪಗಿತ್ತು. ತೋಟದವರು ವಿಷ ಹಾಕಿದ್ದಾರೆಂದು ನಮ್ಮ ಅನುಮಾನ. ಇನ್ನೊಮ್ಮೆ ಜೋಳದ ಕೂಳೆಗೆ ಬಿಟ್ಟಾಗ ಅಲ್ಲೇ ಬಿದ್ದು ಸತ್ತವು. (ಕುರಿಗಾಹಿ)

ಇವೆರಡೂ ಬೇರೆ ಬೇರೆ. ನೀವು ಹೇಳುವ ಲಕ್ಷಣ ನೋಡಿದರೆ ಎರಡರಲ್ಲೂ ಯಾರೂ ಬೇಕೆಂದು ವಿಷ ಹಾಕಿರುವಂತೆ ಕಾಣುವುದಿಲ್ಲ.

ಅಡಿಕೆಗೆ ಕೊಳೆರೋಗ ಬಾರದಂತೆ ಶೇ 1ರ ಬೋರ್ಡೋ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕೆ.ಜಿ ಮೈಲುತುತ್ತ, ಒಂದು ಕೆ.ಜಿ ಸುಣ್ಣ. ಮಳೆಗಾಲದ ಆರಂಭಕ್ಕೆ ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ. ಕಾಫಿಗೆ ಎಲೆತುಕ್ಕು ರೋಗಕ್ಕೆಂದು ಶೇ 0.5ರ ಬೋರ್ಡೋವನ್ನು ಹೂವಿಗೆ ಮೊದಲೂ ಹೊಡೆಯುವುದುಂಟು. ಮೈಲುತುತ್ತದಲ್ಲಿರುವುದು ತಾಮ್ರ. ದನ, ಮೇಕೆ ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳಿಕೊಳ್ಳುವುದಿಲ್ಲ. ಸಿಂಪಡಿಸಿದ ಹುಲ್ಲು ತಿಂದಾಗ ತಾಮ್ರ ಈಲಿಯಲ್ಲಿ (ಲಿವರ್) ಸೇರುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ದೂರದ ನಡಿಗೆ, ಹಸಿವು, ಮಳೆಯ ಚಳಿಗೆ ದೇಹ ದಣಿದಾಗ ಅದು ಒಮ್ಮೆಗೇ ರಕ್ತಕ್ಕೆ ಇಳಿದು ರಕ್ತಕಣಗಳನ್ನು ಒಡೆಯುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ದಿನದಲ್ಲಿ ಕುರಿ ಸಾಯುತ್ತದೆ. ಆ ಹೊತ್ತಿಗೆ ಉಳಿಸುವುದು ಕಷ್ಟ. ಬೋರ್ಡೋ ಹೊಡೆದ ತೋಟಕ್ಕೆ ಕುರಿ ಬಿಡಬೇಡಿ. ಎಲೆಯ ಮೇಲೆ ನೀಲಿ ಬಿಳಿ ಕಲೆ ಇದ್ದರೆ ಅದೇ ಗುರುತು. ತೋಟದ ಮಾಲೀಕರೂ ಹೊಡೆದ ದಿನಾಂಕವನ್ನು ಬಾಯಿಬಿಟ್ಟು ಹೇಳಬೇಕು. ದನಗಳಿಗೆಂದು ಮಾಡಿದ ಖನಿಜ ಮಿಶ್ರಣದಲ್ಲೂ ತಾಮ್ರ ಇರುತ್ತದೆ, ಅದನ್ನು ಕುರಿಗೆ ತಿನ್ನಿಸಬೇಡಿ.

ಜೋಳದ್ದು ಸಯನೈಡ್ ವಿಷ. ಎಳೆ ಜೋಳದಲ್ಲೂ, ಮಳೆಯಿಲ್ಲದೆ ಬಾಡಿದ ಪೈರಿನಲ್ಲೂ, ಕೊಯ್ದ ಮೇಲೆ ಕೂಳೆಯಿಂದ ಒಡೆದ ಚಿಗುರಿನಲ್ಲೂ ಅದು ಹೆಚ್ಚು. ಹಸಿದ ಹಿಂಡು ನುಗ್ಗಿ ತಿಂದರೆ ಹತ್ತು ಹದಿನೈದು ನಿಮಿಷದಲ್ಲೇ ಏದುಸಿರು, ತೂರಾಟ, ಬೀಳುವುದು. ಒಸಡು ಕಡುಗೆಂಪಗೆ ಕಾಣುತ್ತದೆ. ಕೂಡಲೇ ಹಿಂಡನ್ನು ಹೊರಗೆ ಅಟ್ಟಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಪಶುವೈದ್ಯರು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಅನ್ನು ರಕ್ತನಾಳಕ್ಕೆ ಕೊಟ್ಟರೆ ಬಿದ್ದ ಕುರಿಯೂ ಎದ್ದು ನಿಲ್ಲಬಹುದು. ಜೋಳದ ಕೂಳೆಗೆ ಬಿಡುವ ಮೊದಲು ಬುಡ ನೋಡಿ. ಹಸಿರು ಚಿಗುರಿದ್ದರೆ ಬೇಡ. ಒಣಗಿದ ಕೂಳೆಯಾದರೂ ಬೇರೆ ಕಡೆ ಅರೆಹೊಟ್ಟೆ ಮೇಯಿಸಿದ ಮೇಲೆಯೇ ಬಿಡಿ.

ಅನುಮಾನ ಉಳಿದಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಪರಿಹಾರದ ಅರ್ಜಿಗೂ ಆ ವರದಿ ಬೇಕು. ಹೊಟ್ಟೆಯ ಮೇವು, ಈಲಿಯ ತುಂಡನ್ನು ಗಾಳಿಯಾಡದ ಬಾಟಲಿಯಲ್ಲಿ ಐಸ್ ಮೇಲೆ ಇಡಲು ವೈದ್ಯರಿಗೆ ಹೇಳಿ. ಸಯನೈಡ್ ಬೇಗ ಆವಿಯಾಗುತ್ತದೆ, ಮಾರನೆಯ ದಿನ ತೆಗೆದ ಮಾದರಿಯಲ್ಲಿ ಏನೂ ಸಿಗದೆ ಇರಬಹುದು. ವರದಿ ಬರುವ ಮೊದಲು ಯಾರ ಮೇಲೂ ಬೆರಳು ತೋರಿಸಬೇಡಿ.

ಪ್ರಶ್ನೆ: ಹೊರಗಿನ ಹಿಂಡಿನಿಂದ ನಮ್ಮ ಮನೆ ಕುರಿಗಳಿಗೆ ರೋಗ ಹರಡುತ್ತದೆಯೇ? (ಅರಸೀಕೆರೆ)

ಹರಡಬಹುದು, ಇಲ್ಲಿಂದ ಅವರ ಹಿಂಡಿಗೂ ಹರಡಬಹುದು. ಪಿಪಿಆರ್ (ಕುರಿ, ಮೇಕೆಗೆ ಬರುವ ಅಂಟುರೋಗ) ಲಸಿಕೆ ಮೂರು ವರ್ಷದವರೆಗೆ ಕಾಯುತ್ತದೆ. ಕರುಳುಬೇನೆ ಲಸಿಕೆಯನ್ನು ಪ್ರತಿ ವರ್ಷ ಮಳೆಗೆ ಮೊದಲು ಹಾಕಿಸಬೇಕು. ಹೊರಗಿನ ಹಿಂಡು ಇರುವಷ್ಟು ದಿನ ಒಂದೇ ತೊಟ್ಟಿಯಲ್ಲಿ ನೀರು ಕುಡಿಸಬೇಡಿ. ಮೂಗು ಸೋರುವ, ಬಾಯಿ ಹುಣ್ಣಾದ, ಭೇದಿಯಾಗುವ ಕುರಿ ಕಂಡರೆ ಪಶು ಆಸ್ಪತ್ರೆಗೆ ತಿಳಿಸಿ.

ಪ್ರಶ್ನೆ: ಮಂದೆ ಹಾಕಿಸುವಾಗ ಬರೆದುಕೊಳ್ಳಬೇಕೆ? ಬರೆಯಬೇಕಾದ್ದೇನು? (ಕಡೂರು)

ಒಂದು ಹಾಳೆ ಬರೆದರೆ ಸಾಕು, ಛಾಪಾ ಕಾಗದ ಬೇಕಿಲ್ಲ. ಹೊಲದ ಸರ್ವೆ ನಂಬರು, ಚಕ್ಕುಬಂದಿ, ಹಿಂಡಿನಲ್ಲಿ ಕುರಿ ಎಷ್ಟು ಮೇಕೆ ಎಷ್ಟು, ಯಾವ ತಾರೀಖಿನಿಂದ ಎಷ್ಟು ರಾತ್ರಿ, ರಾತ್ರಿಗೆ ಕೊಡುವುದು ಹಣವೋ ರಾಗಿಯೋ, ಎಷ್ಟು ಎಂದು ಬರೆಯಿರಿ. ನೀರು ಯಾರದು, ಹಗಲು ಎಲ್ಲಿ ಮೇಯಿಸುವುದು, ಪಕ್ಕದ ಯಾವ ಹೊಲದಲ್ಲಿ ಯಾವ ಬೆಳೆ ನಿಂತಿದೆ ಎಂಬುದನ್ನೂ ಸೇರಿಸಿ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಹೆಚ್ಚಿನ ತಕರಾರು ಬರುವುದು ಅದರಿಂದಲೇ. ಬೆಳೆ ಹಾಳಾದರೆ ಲೆಕ್ಕ ಹಾಕುವ ಇಬ್ಬರು ಯಾರೆಂದು ಮೊದಲೇ ಒಪ್ಪಿಕೊಳ್ಳಿ, ಒಬ್ಬರು ಊರಿನವರು, ಒಬ್ಬರು ಕುರಿಯವರ ಕಡೆಯವರು. ಓದಲು ಬಾರದವರಿದ್ದರೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಇಬ್ಬರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ. ಅರ್ಧ ಮೊದಲ ರಾತ್ರಿ, ಉಳಿದದ್ದು ಮಂದೆ ಏಳುವ ದಿನ ಬೆಳಿಗ್ಗೆ, ಇಬ್ಬರೂ ಪಕ್ಕದ ಹೊಲಗಳ ಬದು ಒಮ್ಮೆ ಸುತ್ತಿ ಬಂದ ಮೇಲೆ.